ಅವಳು ನಮ್ಮ ಮನೆಯಲ್ಲಿ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ, ಇದು ಸ್ನೇಹವೇ?

ಓದುಗರೊಬ್ಬರ ಪತ್ರ:

"ನನಗೆ 31 ವರ್ಷ. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಹಿಜಾಬ್ ಹಾಕುತ್ತೇನೆ, ನಮಾಜ್ ತಪ್ಪಿಸುವುದಿಲ್ಲ. ನಾಲ್ಕು ವರ್ಷದಿಂದ ನನ್ನ ಪಕ್ಕದ ಕೌಂಟರಿನಲ್ಲಿರುವವಳು ಯಹೂದಿ, ತುಂಬ ಸಂಪ್ರದಾಯಸ್ಥ ಮನೆಯ ಸೊಸೆ. ಮೊದಲ ವರ್ಷವೆಲ್ಲ ಅವಳ ಕೂದಲು ಎಷ್ಟು ಚೆಂದ ಅಂತ ಹೊಗಳುತ್ತಿದ್ದೆ. ಒಂದು ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಪಿನ್ನು ಬಾಯಲ್ಲಿ ಕಚ್ಚಿಕೊಂಡು ಸ್ಕಾರ್ಫ್ ಸರಿ ಮಾಡಿಕೊಳ್ಳುತ್ತಿದ್ದೆ. ಅವಳು ಅದೇ ಕನ್ನಡಿ ಮುಂದೆ ನಿಂತು, ಕೂದಲನ್ನೇ ಎರಡೂ ಕೈಯಲ್ಲಿ ಹಿಡಿದು ಟೋಪಿಯ ಹಾಗೆ ಮುಂದಕ್ಕೆ ಎಳೆದುಕೊಂಡಳು. ಅದು ವಿಗ್! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಲ್ಲಿಂದ ಗಟ್ಟಿ ಸ್ನೇಹ.

ಆದರೆ ನಮ್ಮ ಮನೆಗೆ ಮೂರು ಸಲ ಬಂದಿದ್ದಾಳೆ, ನೀರು ಬಿಟ್ಟು ಏನೂ ಮುಟ್ಟಿಲ್ಲ. ಇಫ್ತಾರಿಗೂ ಬಂದಳು, ತಿನ್ನಲಿಲ್ಲ. ಕಳೆದ ತಿಂಗಳು ಶುಕ್ರವಾರ ರಾತ್ರಿ ಅವಳ ಮನೆಗೆ ಊಟಕ್ಕೆ ಕರೆದಳು. ಬೆಳಿಗ್ಗೆ ಬೇಗ ಎದ್ದು ಹಾಲು, ಸಕ್ಕರೆ, ಬಾದಾಮಿ ಹಾಕಿ ಸಿಹಿ ಮಾಡಿ ಡಬ್ಬಿಯಲ್ಲಿ ತಗೊಂಡು ಹೋದೆ. ಮಾಂಸ ಇಲ್ಲ, ಏನಿಲ್ಲ. ಅವಳ ಅತ್ತೆ ಡಬ್ಬಿ ಇಸ್ಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟರು. ಊಟ ಮುಗಿದರೂ ಅದು ಮೇಜಿಗೆ ಬರಲಿಲ್ಲ. ನನಗೆ ಗಂಟಲು ಕಟ್ಟಿದ ಹಾಗಾಯಿತು.

ಇತ್ತ ನಮ್ಮತ್ತೆ, ಅವರನ್ನು ಸ್ನೇಹಿತರು ಮಾಡಿಕೊಳ್ಳಬೇಡಿ ಅಂತ ಕುರಾನಿನಲ್ಲೇ ಇದೆ ಅನ್ನುತ್ತಾರೆ. ಆಫೀಸಿನವರು, ಇಬ್ಬರೂ ಯಾವ ಕಾಲದಲ್ಲಿದ್ದೀರಿ, ಸ್ವಲ್ಪ ಫ್ರೀ ಆಗಿ ಅನ್ನುತ್ತಾರೆ. ಇದರ ಮೇಲೆ ಯುದ್ಧ. ಹೋದ ವಾರ ಗಾಜಾದ ಮಕ್ಕಳ ಫೋಟೊ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಅವಳು ನೋಡಿದ್ದಾಳೆ, ಏನೂ ಹೇಳಲಿಲ್ಲ. ಆಮೇಲಿಂದ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ನನ್ನನ್ನು ಕೀಳಾಗಿ ನೋಡುತ್ತಾಳಾ? ದೂರ ಸರಿಯುವುದೇ ಒಳ್ಳೆಯದಾ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಇದರಲ್ಲಿ ಪ್ರಶ್ನೆ ನಾಲ್ಕೈದು ಇವೆ, ಆದರೆ ನೋವು ಒಂದೇ, ಆ ಡಬ್ಬಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರ ಮನೆಯಲ್ಲಿ ಶುಕ್ರವಾರ ರಾತ್ರಿಯ ಊಟದಲ್ಲಿ ಕೋಳಿಯೋ ಮಾಂಸವೋ ಇತ್ತು, ಅಲ್ವಾ? ಸಾಮಾನ್ಯವಾಗಿ ಇರುತ್ತದೆ. ಕೋಶರ್, ಅಂದರೆ ಯಹೂದಿಗಳ ಊಟದ ಕಟ್ಟುಪಾಡು, ಪಾಲಿಸುವವರು ಮಾಂಸದ ಊಟದ ಜೊತೆ ಹಾಲಿನದ್ದು ಏನನ್ನೂ ತಿನ್ನುವುದಿಲ್ಲ. ಜೊತೆಗಿರಲಿ, ಮಾಂಸ ತಿಂದ ಮೇಲೆ ಹಾಲು ಮುಟ್ಟಲು ಕೆಲವರು ಮೂರು ಗಂಟೆ ಕಾಯುತ್ತಾರೆ, ಇನ್ನು ಕೆಲವರು ಆರು ಗಂಟೆ. ಮಾಂಸಕ್ಕೊಂದು, ಹಾಲಿಗೊಂದು ಅಂತ ಪಾತ್ರೆ, ಚಮಚ, ತಟ್ಟೆ ಎಲ್ಲ ಬೇರೆ. ನಿಮ್ಮದು ಹಾಲಿನ ಸಿಹಿ. ಅದು ಸ್ವತಃ ಆ ಅತ್ತೆಯ ಕೈಯಡುಗೆ ಆಗಿದ್ದರೂ ಆ ರಾತ್ರಿ ಆ ಮೇಜಿಗೆ ಬರುತ್ತಿರಲಿಲ್ಲ.

ಇನ್ನೊಂದು ಕಾರಣ ಪಾತ್ರೆ. ಒಳಗೆ ಏನು ಹಾಕಿದ್ದೀರಿ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಯಾವ ಪಾತ್ರೆಯಲ್ಲಿ ಕುದಿಸಿದಿರಿ, ಆ ಪಾತ್ರೆಯಲ್ಲಿ ಮುಂಚೆ ಏನು ಬೆಂದಿತ್ತು ಅನ್ನುವುದು ಉಳಿದರ್ಧ. ಬಿಸಿ ಪಾತ್ರೆ ತನ್ನಲ್ಲಿ ಬೆಂದದ್ದರ ರುಚಿಯನ್ನು ಹೀರಿಕೊಂಡು ಮುಂದಿನ ಅಡುಗೆಗೆ ಬಿಡುತ್ತದೆ ಅನ್ನುವುದು ಅವರ ಶಾಸ್ತ್ರದ ಲೆಕ್ಕ. ನಿಮ್ಮ ಮನೆಯ ಪಾತ್ರೆಯಲ್ಲಿ ಹಲಾಲ್ ಮಾಂಸ ಬೆಂದಿದೆ. ಹಲಾಲ್ ಮಾಂಸ ಕೋಶರ್ ಅಲ್ಲ. ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಮಾತು ಗಮನಿಸಿ. ನಿಮ್ಮ ಗೆಳತಿಗೆ ಕೋಶರ್ ಪಾಲಿಸದ ಅಕ್ಕನೋ ಅಣ್ಣನೋ ಇದ್ದರೆ, ಆ ಮನೆಯಲ್ಲೂ ಅವಳು ನೀರು ಕುಡಿದು ಎದ್ದು ಬರುತ್ತಾಳೆ. ಸ್ವಂತ ಒಡಹುಟ್ಟಿದವರ ಮನೆಯಲ್ಲಿ! ನಾವು ಕನ್ನಡದಲ್ಲಿ ಯೋಚಿಸುವವರಿಗೆ "ನಿಮ್ಮ ಮನೆಯದ್ದು ಬೇಡ" ಅಂದ ಕೂಡಲೇ ಮೈಲಿಗೆ ಅನ್ನುವ ಪದ ತಲೆಗೆ ಬರುತ್ತದೆ. ಆ ಪದದ ಗಾಯ ಹಳೆಯದು, ಅದಕ್ಕೇ ನೋವು ಜಾಸ್ತಿ. ಆದರೆ ಇಲ್ಲಿನ ಲೆಕ್ಕ ಪಾತ್ರೆಯದು, ಮನುಷ್ಯರದ್ದಲ್ಲ. ನಿಮ್ಮ ಕೈ ಹಿಡಿದು ನಗುತ್ತಾಳೆ, ನಿಮ್ಮ ಪಕ್ಕ ಕೂರುತ್ತಾಳೆ, ಮನೆಗೆ ಮೂರು ಸಲ ಬಂದಿದ್ದಾಳೆ. ತಿನ್ನಲಾಗದ ಇಫ್ತಾರಿಗೂ ಬಂದು ಕೂತಿದ್ದಾಳೆ. ನನ್ನನ್ನು ಕೇಳಿದರೆ, ತಿನ್ನಲು ಬಂದವರಿಗಿಂತ ಅವಳು ದೊಡ್ಡ ಗೌರವ ಕೊಟ್ಟಿದ್ದಾಳೆ.

ಹಾಗಾದರೆ ತಪ್ಪು ಎಲ್ಲಾಯಿತು? ಯಾರೂ ಹೇಳಲಿಲ್ಲ, ಅಷ್ಟೇ. ಕೋಶರ್ ಮತ್ತು ಹಲಾಲ್ ಹೆಚ್ಚುಕಮ್ಮಿ ಒಂದೇ ಅಂತ ನೀವು ಅಂದುಕೊಂಡಿರಿ, ಇಷ್ಟು ವರ್ಷದಲ್ಲಿ ನಿಮಗೆ ಗೊತ್ತೇ ಇರುತ್ತದೆ ಅಂತ ಅವಳು ಅಂದುಕೊಂಡಳು. ನಾನು 18 ವರ್ಷದಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬೇರೆ ಬೇರೆ ಧರ್ಮದ ಗೆಳತಿಯರು, ನೆರೆಯವರು, ಸಹೋದ್ಯೋಗಿಗಳು ಬರುತ್ತಾರೆ. ಕಟ್ಟುಪಾಡಿನಿಂದಲೇ ಮುರಿದ ಸ್ನೇಹ ನಾನು ನೋಡಿದ್ದು ಕಡಿಮೆ. ಊಹೆಯಿಂದ ಮುರಿದದ್ದು ಬಹಳ. ಮುಜುಗರಕ್ಕೆ ಕೇಳುವುದಿಲ್ಲ, ಬೇಜಾರಾಗುತ್ತದೆ ಅಂತ ಹೇಳುವುದಿಲ್ಲ. ಕೊನೆಗೆ ಇಬ್ಬರೂ ಸುಮ್ನೆ ಕೂತು ಒಬ್ಬರ ಮನಸ್ಸನ್ನು ಇನ್ನೊಬ್ಬರು ತಾವೇ ಬರೆದುಕೊಳ್ಳುತ್ತಾರೆ.

ಹಲಾಲ್ ಮತ್ತು ಕೋಶರ್ ಎಲ್ಲಿ ಸೇರುತ್ತವೆ, ಎಲ್ಲಿ ಬೇರೆಯಾಗುತ್ತವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾಳೆ ಇದು ನಿಮಗೂ ಬೇಕಾಗುತ್ತದೆ. ಹಂದಿ ಎರಡರಲ್ಲೂ ಇಲ್ಲ, ರಕ್ತವೂ ಇಲ್ಲ. ಕುರಾನಿನ ಐದನೇ ಅಧ್ಯಾಯದ 5ನೇ ವಚನ ಗ್ರಂಥದವರ, ಅಂದರೆ ಯಹೂದಿ ಮತ್ತು ಕ್ರೈಸ್ತರ, ಊಟ ನಿಮಗೆ ಹಲಾಲ್ ಅನ್ನುತ್ತದೆ, ಅದನ್ನು ಆಧರಿಸಿ ಬಹಳ ಮುಸ್ಲಿಮರು ಕೋಶರ್ ಮಾಂಸ ತಿನ್ನುತ್ತಾರೆ. ಕೊಯ್ಯುವಾಗ ಪ್ರತಿ ಪ್ರಾಣಿಗೂ ದೇವರ ಹೆಸರು ಹೇಳಬೇಕು ಅನ್ನುವ ಕಾರಣಕ್ಕೆ ಒಪ್ಪದ ಆಲಿಮರೂ, ಅಂದರೆ ಧರ್ಮಪಂಡಿತರೂ, ಇದ್ದಾರೆ. ಆದರೆ ಮದ್ಯಕ್ಕೆ ಕೋಶರ್‌ನಲ್ಲಿ ತಡೆಯಿಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಅವರ ವಿಶ್ರಾಂತಿಯ ದಿನ ಶಬ್ಬಾತ್. ಶಬ್ಬಾತಿನ ಊಟ ಶುರುವಾಗುವುದೇ ಸಾಮಾನ್ಯವಾಗಿ ವೈನ್ ಬಟ್ಟಲು ಹಿಡಿದು ಮಾಡುವ ಪ್ರಾರ್ಥನೆಯಿಂದ. ಹಾಗಾಗಿ ಕೋಶರ್ ಮುದ್ರೆ ಇದೆ ಅಂದ ಮಾತ್ರಕ್ಕೆ ನಿಮಗೆ ಸರಿ ಅಂತ ಅಲ್ಲ, ಸಾರಿಗೆ, ಸಿಹಿಗೆ ವೈನ್ ಹಾಕಿರಬಹುದು. ಆ ಬಟ್ಟಲಲ್ಲಿ ದ್ರಾಕ್ಷಿ ರಸವೂ ನಡೆಯುತ್ತದೆ, ಮಕ್ಕಳಿರುವ ಮನೆಯಲ್ಲಿ ಬಾಟಲಿ ಇದ್ದೇ ಇರುತ್ತದೆ. ಕೇಳಿ, ಸಂತೋಷದಿಂದ ಕೊಡುತ್ತಾರೆ.

ಈಗ ದಾರಿಗಳು. ಸುಲಭದ್ದು, ಅವಳು ಬಂದಾಗ ಸಿಪ್ಪೆ ಬಿಡಿಸದ, ಕತ್ತರಿಸದ ಇಡೀ ಹಣ್ಣು ಇಡಿ. ಇಲ್ಲವೇ ಅವಳ ಮನೆಯವರು ಒಪ್ಪುವ ಕೋಶರ್ ಮುದ್ರೆಯ ಸೀಲ್ ಇರುವ ಪ್ಯಾಕೆಟ್, ಜೊತೆಗೆ ಕಾಗದದ ತಟ್ಟೆ. ಯಾವ ಮುದ್ರೆ ಅಂತ ಅವಳನ್ನೇ ಕೇಳಿ, ಮುದ್ರೆಗಳು ಬಹಳ ಇವೆ, ಎಲ್ಲವನ್ನೂ ಎಲ್ಲರೂ ಒಪ್ಪುವುದಿಲ್ಲ. ಅವಳ ಮನೆಗೆ ಹೋಗುವಾಗ ಏನಾದರೂ ಒಯ್ಯಬೇಕು ಅನ್ನಿಸಿದರೆ ಹೂವು ಒಯ್ಯಿರಿ, ಆದರೆ ಶುಕ್ರವಾರ ಸೂರ್ಯ ಮುಳುಗುವುದಕ್ಕೆ ಮುಂಚೆಯೇ ತಲುಪಿಸಿ. ಶಬ್ಬಾತ್ ಶುರುವಾದ ಮೇಲೆ ಹೂವನ್ನು ಹೊಸದಾಗಿ ನೀರಿಗಿಡುವುದೂ ಅವರಿಗೆ ಕಷ್ಟ.

ನನಗೆ ಬಹಳ ಇಷ್ಟವಾದ ದಾರಿ ಬೇರೆ ಇದೆ. ನಿಮ್ಮ ಅಡುಗೆಯನ್ನು ಅವಳ ಅಡುಗೆಮನೆಯಲ್ಲಿ ಮಾಡಿ. ಅವಳ ಪಾತ್ರೆ, ಅವಳ ಸಾಮಾನು, ಒಲೆ ಹಚ್ಚುವುದು ಅವಳು. ಒಲೆ ಯಾಕೆ ಅಂದರೆ, ಯಹೂದಿಗಳಲ್ಲದವರು ಪೂರ್ತಿ ತಾವೇ ಬೇಯಿಸಿದ್ದಕ್ಕೂ ಅವರಲ್ಲಿ ನಿಯಮವಿದೆ. ಯೂರೋಪಿನ ಕಡೆಯ ಅಶ್ಕೆನಾಜಿ ಸಂಪ್ರದಾಯದವರಿಗೆ ಬೆಂಕಿ ಹಚ್ಚುವುದರಲ್ಲಿ ಅವರ ಕೈ ಇದ್ದರೆ ಸಾಕು, ಸ್ಪೇನ್, ಅರಬ್ ನಾಡುಗಳ ಕಡೆಯ ಸೆಫಾರ್ದಿಗಳಿಗೆ ಅದಕ್ಕಿಂತ ಜಾಸ್ತಿ ಬೇಕು. ನನ್ನ ಬಳಿ ಬರುತ್ತಿದ್ದ ಇಬ್ಬರು ಹೀಗೆ ಭಾನುವಾರ ಬೆಳಿಗ್ಗೆ ಸೇರಿ ಅಡುಗೆ ಮಾಡುತ್ತಿದ್ದರು. ಒಬ್ಬಳು ಬಂದು ಬೆಂಕಿ ಹಚ್ಚುವವರೆಗೂ ಇನ್ನೊಬ್ಬಳು ಸೌಟು ಹಿಡಿದು ಕಾಯುತ್ತಿದ್ದಳಂತೆ. ಅದೇ ಅವರಿಬ್ಬರ ಆಟ. ಇದರಲ್ಲಿ ಅಪಾಯವಿಲ್ಲ ಅಂತಲ್ಲ. ಯಾವಾಗಲೂ ಅವಳ ಮನೆಯಲ್ಲೇ ಆದರೆ ನೀವು ಯಾವಾಗಲೂ ಅತಿಥಿ, ನಿಮ್ಮ ಅತ್ತೆಗೆ ಅದು "ನೀನೇ ಬಗ್ಗಬೇಕಾ" ಅಂತ ಕಾಣುತ್ತದೆ. ಆ ತೂಕ ಬೇರೆ ಕಡೆ ಸರಿಯಾಗಬೇಕು, ಅದಕ್ಕೆ ಬರುತ್ತೇನೆ.

ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುವ ವಚನ ಇದೆ, ಐದನೇ ಅಧ್ಯಾಯದ 51ನೆಯದು. ಅಲ್ಲಿರುವ ಪದ ಔಲಿಯಾ. ಗೆಳೆಯರು ಅಂತಲೂ ಅನುವಾದ ಮಾಡುತ್ತಾರೆ, ಆದರೆ ರಕ್ಷಕರು, ಪಕ್ಷಕ್ಕೆ ನಿಲ್ಲುವವರು ಅನ್ನುವ ಅರ್ಥ ಅದಕ್ಕೆ ಗಟ್ಟಿಯಾಗಿದೆ. ಮದೀನಾದಲ್ಲಿ ಬಣಗಳು ಯುದ್ಧಕ್ಕೆ ನಿಂತಿದ್ದ ಕಾಲದ ಮಾತು ಇದು ಅಂತ ಬಹಳ ವಿದ್ವಾಂಸರು ಓದುತ್ತಾರೆ. ಅರವತ್ತನೇ ಅಧ್ಯಾಯದ 8ನೇ ವಚನವೂ ಇದೆ. ಧರ್ಮದ ಕಾರಣಕ್ಕೆ ನಿಮ್ಮ ಮೇಲೆ ಯುದ್ಧ ಮಾಡದವರ, ನಿಮ್ಮನ್ನು ಮನೆಯಿಂದ ಹೊರಹಾಕದವರ ಜೊತೆ ಒಳ್ಳೆಯತನದಿಂದ, ನ್ಯಾಯದಿಂದ ಇರುವುದನ್ನು ದೇವರು ತಡೆಯುವುದಿಲ್ಲ ಅನ್ನುತ್ತದೆ. ಇನ್ನೊಂದು ವಿಷಯ, ಆ ಐದನೇ ಅಧ್ಯಾಯದ ಹೆಸರೇ ಅಲ್-ಮಾಇದಾ, ಅಂದರೆ ಊಟ ಬಡಿಸಿಟ್ಟ ಮೇಜು. ಗ್ರಂಥದವರ ಊಟ ನಿಮಗೆ, ನಿಮ್ಮ ಊಟ ಅವರಿಗೆ ಅಂದದ್ದು ಅದೇ ಅಧ್ಯಾಯ. ಪ್ರವಾದಿಯವರ ಪತ್ನಿ ಸಫಿಯ್ಯಾ ಯಹೂದಿ ಬುಡಕಟ್ಟಿನಲ್ಲಿ ಹುಟ್ಟಿದವರು. ಆ ಹುಟ್ಟಿನ ಬಗ್ಗೆ ಯಾರೋ ಚುಚ್ಚಿದಾಗ, ನನ್ನ ತಂದೆ ಹಾರೂನ್, ಚಿಕ್ಕಪ್ಪ ಮೂಸಾ (ಇಬ್ಬರೂ ಯಹೂದಿಗಳ ಪ್ರವಾದಿಗಳು), ಗಂಡ ಮುಹಮ್ಮದ್ ಅಂತ ಹೇಳು ಅಂತ ಪ್ರವಾದಿಯವರು ಕಲಿಸಿಕೊಟ್ಟರು ಅನ್ನುವುದು ತಿರ್ಮಿಝಿಯ ಹದೀಸ್ ಸಂಗ್ರಹದಲ್ಲಿದೆ. ಇದನ್ನು ಅತ್ತೆಯ ಎದುರು ವಾದಕ್ಕೆ ಬಳಸಬೇಡಿ. ವಾದದಲ್ಲಿ ಗೆದ್ದ ಸೊಸೆಗೆ ಮನೆಯಲ್ಲಿ ಏನು ಸಿಗುತ್ತದೆ ಅಂತ ನಿಮಗೇ ಗೊತ್ತು. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಇಟ್ಟುಕೊಳ್ಳಿ, ಇನ್ನೂ ಅನುಮಾನ ಇದ್ದರೆ ನೀವು ನಂಬುವ ಆಲಿಮರನ್ನು ಕೇಳಿ.

ಅವಳ ಮನೆಯಲ್ಲೂ ಇಂಥದ್ದೇ ಮಾತು ನಡೆದಿರುತ್ತದೆ ಅಂತ ಖಂಡಿತ ನಂಬಿ. ಆ ಕಡೆಯ ಶಾಸ್ತ್ರದಲ್ಲೂ ಬಾಗಿಲು ಮುಚ್ಚಿಲ್ಲ. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಬಾಳಿದ ದೊಡ್ಡ ಯಹೂದಿ ಪಂಡಿತ ಮೈಮೊನಿಡೀಸ್, ಮುಸ್ಲಿಮರು ಒಬ್ಬನೇ ದೇವರನ್ನು ನಂಬುವವರು, ವಿಗ್ರಹಾರಾಧಕರಲ್ಲ ಅಂತ ಸ್ಪಷ್ಟವಾಗಿ ಬರೆದರು. ಅಲ್ಲಿಯ ಹಿರಿಯರಿಗೆ ಇರುವುದು ಸಾಮಾನ್ಯವಾಗಿ ಶಾಸ್ತ್ರದ ಭಯ ಅಲ್ಲ. ಒಂದು, ಮಕ್ಕಳು ಹೊರಗೆ ಕರಗಿಹೋಗುತ್ತಾರೆ ಅನ್ನುವ ಭಯ. ಇನ್ನೊಂದು, ಅಜ್ಜ ಅಜ್ಜಿಯರ ಕಾಲದಲ್ಲಿ ನೆರೆಯವರೇ ಬೆನ್ನು ತಿರುಗಿಸಿದ ನೆನಪು.

ಬೆನ್ನು ತಿರುಗಿಸದ ನೆರೆಯವರೂ ಇದ್ದರು. 1941ರಲ್ಲಿ ಬೋಸ್ನಿಯಾದ ಸರಾಯೇವೊ ನಗರ ನಾಜಿಗಳ ಕೈಗೆ ಹೋದಾಗ ಯಹೂದಿಗಳು ಹಳದಿ ನಕ್ಷತ್ರ ತೊಟ್ಟೇ ಬೀದಿಗಿಳಿಯಬೇಕಿತ್ತು. ಆ ವರ್ಷದ ಒಂದು ಫೋಟೊ ಉಳಿದಿದೆ. ಜೈನೆಬಾ ಹರ್ದಾಗಾ ಅನ್ನುವ ಮುಸ್ಲಿಂ ಹೆಂಗಸು ಪಕ್ಕದ ಯಹೂದಿ ಹೆಂಗಸಿನ ಜೊತೆ ನಡೆದು ಹೋಗುತ್ತಿದ್ದಾಳೆ, ತನ್ನ ಮುಸುಕಿನಿಂದ ಅವಳ ತೋಳಿನ ನಕ್ಷತ್ರ ಮುಚ್ಚಿದ್ದಾಳೆ. ಹರ್ದಾಗಾ ಮನೆಯವರು ಯಹೂದಿ ಕುಟುಂಬವೊಂದನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಾಪಾಡಿದರು. ಐವತ್ತು ವರ್ಷ ಕಳೆದು ಅದೇ ಊರು ಮತ್ತೆ ಮುತ್ತಿಗೆಗೆ ಸಿಕ್ಕಾಗ, 1994ರಲ್ಲಿ, ಹಿಂದೆ ಅವರ ಮನೆಯಲ್ಲಿ ಉಳಿದುಕೊಂಡಿದ್ದ ಆ ಯಹೂದಿ ಕುಟುಂಬದವರೇ ಓಡಾಡಿ ಜೈನೆಬಾರನ್ನು ಅಲ್ಲಿಂದ ಹೊರಗೆ ತರಿಸಿದರು.

ಆಫೀಸಿನವರು "ಫ್ರೀ ಆಗಿ" ಅನ್ನುವುದು ಇಂಥದ್ದೇ ಮುಸುಕನ್ನು ನೋಡಿ. ಅವರಿಗೆ ಕೆಟ್ಟ ಮನಸ್ಸಿಲ್ಲದಿರಬಹುದು. ಆದರೆ ಸಂಪ್ರದಾಯ ಒಂದು ತುದಿ, ಆಧುನಿಕ ಬದುಕು ಇನ್ನೊಂದು ತುದಿ, ನೀವಿಬ್ಬರೂ ಹಿಂದಿನ ತುದಿಯಲ್ಲಿ ನಿಂತಿದ್ದೀರಿ ಅನ್ನುವ ಅವರ ಲೆಕ್ಕ ತಪ್ಪು. ಇಬ್ಬರೂ ಪದವಿ ಪಡೆದು, ಸಂಬಳ ತಂದು, ಮನೆ ನಡೆಸುತ್ತಿದ್ದೀರಿ. ತಲೆ ಮುಚ್ಚುವುದೂ ಅವರು ತಿಳಿದ ಹಾಗೆ ಒಂದೇ ಕಟ್ಟಳೆ ಅಲ್ಲ. ನಿಮ್ಮಲ್ಲಿ ಅದು ದೊಡ್ಡವಳಾದಾಗಿನಿಂದ, ಅವಳಲ್ಲಿ ಮದುವೆಯಾದ ಮೇಲೆ. ವಿಗ್ ಬಗ್ಗೆ ಅವರೊಳಗೇ ಜಗಳವಿದೆ. ಸೆಫಾರ್ದಿಗಳ ದೊಡ್ಡ ಗುರು ಒವಾದಿಯಾ ಯೋಸೆಫ್ ವಿಗ್ ಕೂಡದು, ಬಟ್ಟೆಯೇ ಸರಿ ಅಂದರು. ಲುಬಾವಿಚ್ ಪಂಥದ ಗುರು ಮೆನಾಚೆಮ್ ಷ್ನೀರ್ಸನ್ ವಿಗ್ಗೇ ಒಳ್ಳೆಯದು ಅಂದರು, ಯಾಕೆಂದರೆ ಮುಜುಗರವಾದಾಗ ಸ್ಕಾರ್ಫ್ ಜಾರಿಸಿಬಿಡಬಹುದು, ವಿಗ್ ಹಾಗೆ ತೆಗೆಯಲಾಗುವುದಿಲ್ಲ. ಒಳಗೇ ಇಷ್ಟು ಚರ್ಚೆ ನಡೆಯುವ ಸಂಪ್ರದಾಯವನ್ನು ಹಿಂದಿನ ಕಾಲದ್ದು ಅಂತ ಒಂದೇ ಮಾತಲ್ಲಿ ಮುಗಿಸಲಾಗುವುದಿಲ್ಲ.

ನಿಮ್ಮಿಬ್ಬರ ನಿಜವಾದ ಹೆಣಗಾಟ ಡ್ಯೂಟಿ ಪಟ್ಟಿಯಲ್ಲಿದೆ. ಚಳಿಗಾಲದಲ್ಲಿ ಶುಕ್ರವಾರ ಸೂರ್ಯ ಬೇಗ ಮುಳುಗುತ್ತಾನೆ, ಅವಳು ಮಧ್ಯಾಹ್ನವೇ ಹೊರಡಬೇಕು. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಹಾಗಾಗಿ ನಿಮ್ಮ ಉಪವಾಸ ಒಂದು ಕಾಲದಲ್ಲಿ ಸಣ್ಣ ದಿನಕ್ಕೆ, ಇನ್ನೊಂದು ಕಾಲದಲ್ಲಿ ಉದ್ದದ ದಿನಕ್ಕೆ ಬೀಳುತ್ತದೆ. ಅವರದ್ದೂ ಚಂದ್ರನ ತಿಂಗಳೇ, ಆದರೆ 19 ವರ್ಷಕ್ಕೆ ಏಳು ಅಧಿಕ ಮಾಸ ಸೇರಿಸುವುದರಿಂದ ಹಬ್ಬ ಋತು ಬಿಟ್ಟು ಹೋಗುವುದಿಲ್ಲ. ನಾನು ಮೇಲೆ ಹೇಳಿದ ತೂಕ ಇಲ್ಲಿ ಸರಿಹೋಗುತ್ತದೆ. ಶನಿವಾರದ ಡ್ಯೂಟಿ ನಿಮಗೆ, ಈದ್ ದಿನದ ಡ್ಯೂಟಿ ಅವಳಿಗೆ. ನಿಮ್ಮ ನಮಾಜಿನ ಹತ್ತು ನಿಮಿಷ ಕೌಂಟರ್ ಅವಳು ನೋಡಿಕೊಳ್ಳಲಿ, ಅವಳು ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ, ನೀರೂ ಇಲ್ಲದೆ 25 ಗಂಟೆ ಉಪವಾಸ ಕೂರುವಾಗ ಅವಳ ಕೆಲಸ ನಿಮ್ಮ ತಲೆಗಿರಲಿ. ಒಂದೇ ಎಚ್ಚರಿಕೆ, ಲೆಕ್ಕ ಬರೆದಿಡಬೇಡಿ. ಬರೆದಿಟ್ಟ ದಿನ ಅದು ಸಾಲವಾಗುತ್ತದೆ.

ಮೊರಾಕ್ಕೊದಲ್ಲಿ ಒಂದು ಪದ್ಧತಿ ಇತ್ತು. ಪಸ್ಕ ಹಬ್ಬದ ದಿನಗಳಲ್ಲಿ ಯಹೂದಿಗಳ ಮನೆಯಲ್ಲಿ ಹುದುಗು ಬಂದ ಹಿಟ್ಟು ಇರಕೂಡದು. ಹಬ್ಬ ಮುಗಿದ ರಾತ್ರಿ, ಅದಕ್ಕೆ ಮಿಮೂನಾ ಅನ್ನುತ್ತಾರೆ, ಮೊದಲ ರೊಟ್ಟಿಗೆ ಬೇಕಾದ ಹಿಟ್ಟು, ಹುದುಗು, ಜೇನು, ಬೆಣ್ಣೆ ಪಕ್ಕದ ಮುಸ್ಲಿಂ ಮನೆಗಳಿಂದ ಬರುತ್ತಿತ್ತು. ಕಟ್ಟುಪಾಡು ಇದ್ದದ್ದಕ್ಕೇ ನೆರೆಯವರು ಬೇಕಾದರು. ನಿಮ್ಮ ಡ್ಯೂಟಿ ಪಟ್ಟಿಯೂ ಅಂಥದ್ದೇ.

ಕೊನೆಗೆ ಆ ಸ್ಟೇಟಸ್. ಇದು ಎಲ್ಲಕ್ಕಿಂತ ಕಷ್ಟದ್ದು, ಸಿಹಿ ಮಾತಾಡಿ ಜಾರಿಕೊಳ್ಳುವುದಿಲ್ಲ. ಮಡಿದ ಮಕ್ಕಳಿಗಾಗಿ ಅತ್ತದ್ದಕ್ಕೆ ನೀವು ಕ್ಷಮೆ ಕೇಳಬೇಕಿಲ್ಲ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ನಡೆದ ಹಮಾಸ್ ದಾಳಿಯ ಸಾವುಗಳನ್ನು ನೆನೆದು ಅವಳು ಅತ್ತರೆ ಅವಳೂ ಕೇಳಬೇಕಿಲ್ಲ. ಅವಳು ಒಂದು ಸರಕಾರದ ವಕ್ತಾರಳಲ್ಲ, ನೀವು ಯಾವ ಸಂಘಟನೆಯ ವಕ್ತಾರರೂ ಅಲ್ಲ. "ನೀನು ಅದನ್ನು ಖಂಡಿಸುತ್ತೀಯಾ ಇಲ್ವಾ" ಅಂತ ಗೆಳತಿಯನ್ನು ಪರೀಕ್ಷೆಗೆ ನಿಲ್ಲಿಸಿದರೆ ಉತ್ತರ ಏನೇ ಬರಲಿ, ಸ್ನೇಹ ಅಲ್ಲಿಂದ ಎದ್ದು ಹೋಗಿರುತ್ತದೆ. ಹಾಗಂತ ಮಾತೇ ಬೇಡ ಅನ್ನುವುದೂ ಉಪಾಯವಲ್ಲ. ಮಾತಿಲ್ಲದ ಜಾಗದಲ್ಲಿ ಫೋನಿನ ಸುದ್ದಿ ಬಂದು ಕೂರುತ್ತದೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ 2010ರಲ್ಲಿ ಶೆರಿಲ್ ಒಲಿಟ್ಸ್ಕಿ ಮತ್ತು ಅತಿಯಾ ಅಫ್ತಾಬ್ ಸೇರಿ 'ಸಿಸ್ಟರ್‌ಹುಡ್ ಆಫ್ ಸಲಾಮ್ ಶಾಲೋಮ್' ಅನ್ನುವ ಬಳಗ ಕಟ್ಟಿದರು, ಯಹೂದಿ ಮತ್ತು ಮುಸ್ಲಿಂ ಹೆಂಗಸರು ಸಣ್ಣ ಗುಂಪಾಗಿ ಮನೆಗಳಲ್ಲಿ ಸೇರುವುದಕ್ಕೆ. ಬ್ರಿಟನ್ನಿನಲ್ಲಿ ಲಾರಾ ಮಾರ್ಕ್ಸ್ ಮತ್ತು ಜೂಲಿ ಸಿದ್ದಿಕಿ 'ನಿಸಾ-ನಶಿಂ' ಕಟ್ಟಿದರು. ನಿಸಾ ಅಂದರೆ ಅರಬ್ಬಿಯಲ್ಲಿ ಹೆಂಗಸರು, ನಶಿಂ ಅಂದರೆ ಹೀಬ್ರೂವಿನಲ್ಲಿ ಹೆಂಗಸರು. ಎರಡೂ ಪದ ಎಷ್ಟು ಹತ್ತಿರ ನೋಡಿ. ಎರಡೂ ಕಡೆಯ ದಾರಿ ಒಂದೇ, ಮೊದಲು ಒಬ್ಬರನ್ನೊಬ್ಬರು ಅರಿಯುವುದು, ಕಷ್ಟದ ಮಾತು ಆಮೇಲೆ. ನಿಮ್ಮಲ್ಲಿ ಮೊದಲ ಭಾಗ ನಾಲ್ಕು ವರ್ಷದ್ದಿದೆ.

ನನ್ನ ಬಳಿ ಬಂದ ಒಂದು ಜೋಡಿ ಒಂದು ಕರಾರು ಮಾಡಿಕೊಂಡರು. ಯುದ್ಧದ ಬಗ್ಗೆ ಟೈಪ್ ಮಾಡುವುದಿಲ್ಲ, ಮುಖ ನೋಡಿಯೇ ಮಾತು, ಒಬ್ಬಳು ಮಾತಾಡುವಾಗ ಇನ್ನೊಬ್ಬಳು "ಆದರೆ" ಅನ್ನುವುದಿಲ್ಲ. ಅವರ ಅಭಿಪ್ರಾಯ ಇವತ್ತಿಗೂ ಬೇರೆ ಬೇರೆ, ಸ್ನೇಹ ಉಳಿದಿದೆ. ಇನ್ನೊಂದು ಜೋಡಿಯದ್ದು ಉಳಿಯಲಿಲ್ಲ. ಮಾತಾಡಿದ ಮೇಲೆ ಒಬ್ಬಳಿಗೆ ಇನ್ನೊಬ್ಬಳ ಮಾತು ಸಹಿಸಲಾಗಲಿಲ್ಲ. ಅದೂ ಆಗಬಹುದು, ಮನಸ್ಸು ತಯಾರಿರಲಿ.

ದೂರ ಸರಿಯುವುದೇ ಒಳ್ಳೆಯದಾ ಅಂತ ಕೇಳಿದ್ದೀರಿ. ಕೆಲಸದ ಮಟ್ಟಿಗೆ ಮಾತು ಇಟ್ಟುಕೊಂಡು ಉಳಿದದ್ದು ಬಿಟ್ಟುಬಿಡಬಹುದು, ಮನೆಯಲ್ಲಿ ನೆಮ್ಮದಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಅದೇ ಕೌಂಟರ್, ಅದೇ ಕನ್ನಡಿ ದಿನಾ ಎದುರಿಗೆ ಬರುತ್ತದೆ. ಕೇಳದೇ ಬಿಟ್ಟ ಪ್ರಶ್ನೆ ಹೊತ್ತು ಅಲ್ಲಿ ನಿಲ್ಲುವುದು, ಕೇಳಿ ಉತ್ತರ ಪಡೆಯುವುದಕ್ಕಿಂತ ಕಷ್ಟ ಅಂತ ನನ್ನ ಅನುಭವ. ಕೇಳಿದ ಮೇಲೂ ಸರಿಯಬೇಕು ಅನ್ನಿಸಿದರೆ ಆಗ ಸರಿಯಿರಿ. ಎರಡೂ ಮನೆಯವರನ್ನು ಈಗಲೇ ಕೂಡಿಸಲು ಹೋಗಬೇಡಿ. ಅತ್ತೆಯಂದಿರು ಎದುರುಬದುರು ಕೂತು ಸುದ್ದಿಯ ಮಾತು ಬಂದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಒಂದು ಮೆಸೇಜ್ ಕಳಿಸಿ. ಉದ್ದ ಬೇಡ. "ಆವತ್ತು ಡಬ್ಬಿ ಮೇಜಿಗೆ ಬರದೇ ಇದ್ದದ್ದು ನನಗೆ ನೋವಾಯಿತು, ಆಮೇಲೆ ಕಾರಣ ಗೊತ್ತಾಯಿತು. ನನ್ನ ಸ್ಟೇಟಸ್ ನಿನಗೆ ಹೇಗನ್ನಿಸಿತು ಅಂತ ನಿನ್ನಿಂದಲೇ ಕೇಳಬೇಕು. ಭಾನುವಾರ ನಡೆದಾಡಲು ಬರ್ತೀಯಾ?" ಇಷ್ಟು ಸಾಕು. ಇದನ್ನು ಶುಕ್ರವಾರ ಸಂಜೆ ಮಾತ್ರ ಕಳಿಸಬೇಡಿ. ಅವಳ ಫೋನ್ ಮುಟ್ಟದೇ ಇಟ್ಟಿರುತ್ತಾಳೆ ಅಂತ ನಿಮಗೆ ಗೊತ್ತು, ಆದರೂ ಮನಸ್ಸು ಕೆಟ್ಟಿರುವಾಗ ಉತ್ತರ ಬಾರದ 25 ಗಂಟೆ ಬಹಳ ಉದ್ದ, ಅಷ್ಟರಲ್ಲಿ ನೀವು ಮತ್ತೆ ಊಹೆ ಶುರು ಮಾಡಿರುತ್ತೀರಿ. ಶನಿವಾರ ರಾತ್ರಿ, ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಅವಳ ಶಬ್ಬಾತ್ ಮುಗಿಯುತ್ತದೆ. ಆಗ ಕಳಿಸಿ.